ಡಬ್ಬಿಯೊಳಗಿನ ಮೌನೇಶಪ್ಪ

ಹೊಳೆದಂಡೆಯ ಆಶ್ರಮ. ಮುಂಜಾನೆಯ ಹೊತ್ತು. ಅಜ್ಜಾರು ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಶಿಷ್ಯ ನಿರುಪಾದಿ ಬಂದು ಎದುರಿಗೆ ನಿಂತ. ಅವನ ಮುಖ ಬಿಳಿಚಿಕೊಂಡಿತ್ತು.

“ಅಜ್ಜಾರ, ಕಂಪ್ಯೂಟರ್ ಚಾಲೂ ಆಗವಲ್ದ್ರಿ.”

“ನಿನ್ನಿ ಆಗಿತ್ತಲ್ಲ?”

“ನಿನ್ನಿ ಆಗಿತ್ರಿ.”

“ಹಂಗಾದ್ರ ನಿನ್ನಿಗೂ ಇವತ್ತಿಗೂ ನಡುವ ನೀ ಏನ ಮುಟ್ಟಿದಿ?”

ಕರೆಂಟ್ ಸರಿಯಾಗಿ ಬರುತ್ತಿಲ್ಲವೇನೋ ಎಂದ ನಿರುಪಾದಿ. ವೈರಸ್ ಹೊಕ್ಕಿರಬೇಕು ಎಂದ. ಇವತ್ತು ಅಮಾವಾಸ್ಯೆ ಬೇರೆ ಎಂದ.

ತಪ್ಪು ಮಾಡಿದಾಗ ನಾವೆಲ್ಲ ಹೀಗೇ ಅಲ್ಲವೇ? ಊರೆಲ್ಲ ಸುತ್ತಿ ಕಡೆಗೆ ನಮ್ಮ ಮನೆ ಬಾಗಿಲಿಗೆ ಬರುತ್ತೇವೆ.

ಅಜ್ಜಾರು ಇನ್ನೊಂದು ಕಾಯಿ ಸುಲಿದರು. ಕಾಯುವುದು ಅವರಿಗೆ ಗೊತ್ತಿತ್ತು.

ನಿರುಪಾದಿಯ ಗಾಬರಿ ಸುಮ್ಮನೆ ಬಂದದ್ದಲ್ಲ. ಬಡಿಗೇರ ಮೌನೇಶಪ್ಪ ಅಂತ ಒಬ್ಬರಿದ್ದರು. ಹಗಲೆಲ್ಲ ಬಾಗಿಲು, ಚೌಕಟ್ಟು ಮಾಡುತ್ತಿದ್ದರು. ಸೋಮವಾರ ಸಂಜೆ ಏಕತಾರಿ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು ಆಶ್ರಮಕ್ಕೆ ಬಂದು ತತ್ವಪದ ಹಾಡುತ್ತಿದ್ದರು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಅವರು ಹಾಡಿದ ನಲವತ್ತು ಪದಗಳನ್ನು ನಿರುಪಾದಿ ರೆಕಾರ್ಡ್ ಮಾಡಿ ಆ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಬೇರೆ ಎಲ್ಲಿಯೂ ಇಟ್ಟಿರಲಿಲ್ಲ.

ಹೋದ ವಾರ ಮೌನೇಶಪ್ಪನವರ ಹೆಂಡತಿ ಕಾಳವ್ವ ಬಂದಿದ್ದಳು.

“ಅವರ ಮುಖ ಕಣ್ಣಮುಂದ ಬರತೈತ್ರಿ ಅಜ್ಜಾರ. ದನಿ ಬರವಲ್ದು. ಎಷ್ಟು ನೆನಸಿಕೊಂಡ್ರೂ ಬರವಲ್ದು” ಅಂದಿದ್ದಳು.

ಇವತ್ತು ಹತ್ತು ಗಂಟೆಯ ಬಸ್ಸಿಗೆ ಆಕೆ ಬರುವವಳಿದ್ದಳು. ಆ ದನಿಯನ್ನು ಕೇಳಿ, ತನ್ನ ಫೋನಿಗೆ ಹಾಕಿಸಿಕೊಂಡು, ಹನ್ನೆರಡರ ಬಸ್ಸಿಗೆ ಸೋಲಾಪುರದ ಮಗಳ ಮನೆಗೆ ಹೊರಡುವವಳಿದ್ದಳು. ತಿರುಗಿ ಯಾವಾಗ ಬರುತ್ತಾಳೋ ಯಾರಿಗೂ ಗೊತ್ತಿರಲಿಲ್ಲ.

“ಚಾಲೂ ಮಾಡಿದ್ರ ಏನಂತೈತಿ ಅದು?” ಅಜ್ಜಾರು ಕೇಳಿದರು.

“ಮೂರು ಸಲ ಕುಂಯ್ ಅಂತೈತ್ರಿ. ಸುಮ್ಮನಾಗತೈತ್ರಿ. ಮತ್ತ ಮೂರು ಸಲ ಕುಂಯ್ ಅಂತೈತ್ರಿ. ಪರದಿ ಕರ್ರಗ ಇರತೈತ್ರಿ.”

“ಅದು ಏನೋ ಹೇಳಾಕತ್ತೈತಿ. ನಿನಗ ತಿಳಿಯೂದಿಲ್ಲೇನು?”

ನಿರುಪಾದಿ ತಲೆ ತಗ್ಗಿಸಿದ. “ತಿಳೀತೈತ್ರಿ. ಹಂಗ ಕೂಗಿದ್ರ ರ‍್ಯಾಮ್ ಸರಿಯಿಲ್ಲಂತ ಅರ್ಥರಿ.”

“ಅದನ್ನ ಮುಟ್ಟಿದಿಯೇನು?”

“ಬದಲಿ ಮಾಡೀನ್ರಿ.”

“ಯಾಕ?”

“ಪದ ಹಚ್ಚಿದ್ರ ತಡಬಡಿಸಿ ತಡಬಡಿಸಿ ಬರ್ತಿತ್ರಿ. ಕಾಳವ್ವ ಕೇಳೂ ಮುಂದ ಚಂದ ಬರಲಿ ಅಂತ ಹುಬ್ಬಳ್ಳಿಯಿಂದ ಎರಡು ಹೊಸ ರ‍್ಯಾಮ್ ತರಿಸಿ ಹಾಕಿದೆರಿ.”

ಅಜ್ಜಾರಿಗೆ ಸಿಟ್ಟು ಬರಲಿಲ್ಲ. “ಒಳ್ಳೇದು ಮಾಡಾಕ ಹೋಗಿ ಕೆಡಿಸಿದಿ. ಇರ್ಲಿ. ಹಳೇದನ್ನ ತಿರುಗಿ ಹಾಕು. ಅದರ ಮ್ಯಾಲೆ ನಿನ್ನಿತನಾ ನಡದಿತ್ತಲ್ಲ?”

ನಿರುಪಾದಿ ಹೊಳೆಯ ಕಡೆ ನೋಡಿದ. ನೆಲ ನೋಡಿದ. ಮತ್ತೆ ಹೊಳೆಯ ಕಡೆ ನೋಡಿದ.

ಆ ಆಶ್ರಮದಲ್ಲೊಂದು ಪದ್ಧತಿ. ವರ್ಷಗಟ್ಟಲೆ ಸೇವೆ ಮಾಡಿ ಸವೆದ ಪೂಜೆಯ ಸಾಮಾನನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಕೈಮುಗಿದು ಹೊಳೆಗೆ ಬಿಡುತ್ತಾರೆ.

“ಹೊಳಿಗೆ ಬಿಟ್ಟೆನ್ರಿ” ಅಂದ ನಿರುಪಾದಿ.

ಅಜ್ಜಾರ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

“ಕಂಪ್ಯೂಟರಿನ ರ‍್ಯಾಮನ್ನ?”

“ಆರು ವರ್ಷ ದುಡದಿತ್ತಲ್ರಿ ಪಾಪ.”

“ಹೂವು ಏರಿಸಿದಿಯೇನು?”

“ಎರಡು ದಾಸವಾಳರಿ.”

ಅಜ್ಜಾರು ನಕ್ಕರು. ಎಂಥಾ ನಗು ಅಂತೀರಿ! ತೊಡೆಯ ಮೇಲಿನ ಪುಟ್ಟಿ ಮಗುಚಿ ಅವರೆಕಾಳು ಪಡಸಾಲೆ ತುಂಬ ಉರುಳಿದವು.

ನಿರುಪಾದಿಗೆ ನಗು ಬರಲಿಲ್ಲ. ಧೋತರ ಮೇಲೆತ್ತಿ ಕಟ್ಟಿ ಹೊಳೆಯತ್ತ ಓಡಿದ.

“ಏ! ಎಲ್ಲಿ ಹೊಂಟಿ?”

“ಹುಡಕ್ತೀನ್ರಿ.”

“ಸಿಕ್ಕ ಮ್ಯಾಲೆ ಏನ ಮಾಡ್ತಿ? ಒಣಗಾಕ ಹಾಕ್ತಿ? ಬಾ ಇಲ್ಲಿ.”

ಬಂದ. ಬಂದವನು ಕಂಬ ಹಿಡಿದು ಅತ್ತುಬಿಟ್ಟ. ಇಪ್ಪತ್ತೆಂಟು ವರ್ಷದ ಗಂಡಸು, ಬಿಕ್ಕಿ ಬಿಕ್ಕಿ ಅತ್ತ.

“ಮೌನೇಶಪ್ಪನ ದನಿ ನನ್ನ ಕೈಯಾರೆ ಕಳದೆನ್ರಿ. ಆಕಿಗೆ ಯಾವ ಮುಖ ತೋರಸ್ಲಿ?”

ಅಜ್ಜಾರು ಅವನು ಅಳುವಷ್ಟು ಅಳಲು ಬಿಟ್ಟರು. ಆಮೇಲೆ ಕೇಳಿದರು.

“ನನಗ ಕಂಪ್ಯೂಟರ್ ತಿಳಿಯೂದಿಲ್ಲೋ ತಮ್ಮಾ. ತಿಳಿಸಿ ಹೇಳು. ದನಿ ಎಲ್ಲಿಟ್ಟಿದ್ದಿ?”

“ಹಾರ್ಡ್ ಡಿಸ್ಕ್ ಒಳಗರಿ.”

“ಅಂದ್ರ?”

“ಕಪಾಟು ಇದ್ದಂಗರಿ. ಇಟ್ಟದ್ದು ಅಲ್ಲೇ ಇರತೈತ್ರಿ.”

“ರ‍್ಯಾಮ್ ಅಂದ್ರ?”

“ಕೆಲಸದ ಮಣಿ, ಮರದ ಹಲಗಿ ಇದ್ದಂಗರಿ. ಕಪಾಟಿನಿಂದ ತಗದು ಅದರ ಮ್ಯಾಲೆ ಹರವಿಕೊಂಡು ಕೆಲಸ ಮಾಡೂದ್ರಿ. ಕೆಲಸ ಮುಗದ ಮ್ಯಾಲೆ ಮಣಿ ಖಾಲಿರಿ.”

“ನೀ ಹೊಳಿಗೆ ಬಿಟ್ಟದ್ದು ಯಾವುದು?”

“ಮಣಿರಿ.”

“ಕಪಾಟು?”

ನಿರುಪಾದಿಯ ಅಳು ಅಲ್ಲಿಗೇ ನಿಂತಿತು. ಮೂಗು ಒರೆಸಿಕೊಂಡ.

“ಕಪಾಟು ನಾ ಮುಟ್ಟಿಲ್ರಿ.”

“ಹಂಗಾದ್ರ ಮೌನೇಶಪ್ಪ ಒಳಗ ಅದಾನ. ನಡಿ.”

ಒಳಕೋಣೆಯಲ್ಲಿ ಕಂಪ್ಯೂಟರಿನ ಡಬ್ಬಿ ಮೇಜಿನ ಮೇಲೆ ಅಡ್ಡ ಮಲಗಿತ್ತು. ಅದರ ಒಂದು ಬದಿ ತೆರೆದಿತ್ತು.

“ಕರೆಂಟ್ ತಗದೀಯಿಲ್ಲೋ?”

“ತಗದೀನ್ರಿ.”

“ಹೊಸದನ್ನ ಎರಡೂ ಬಿಚ್ಚಿ ನನ್ನ ಕೈಗೆ ಕೊಡು.”

ಕೊಟ್ಟ. ಬೆರಳುದ್ದದ ಎರಡು ಹಸಿರು ಪಟ್ಟಿ. ಅಜ್ಜಾರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳು ಸಾಲಾಗಿದ್ದವು.

“ಈ ಹಲ್ಲು ಯಾಕದಾವ?”

“ಅಲ್ಲಿಂದ ಕರೆಂಟ್ ಹೋಗಿ ಬಂದು ಮಾಡತೈತ್ರಿ.”

“ಹಲ್ಲಿನ ಮ್ಯಾಲೆ ಬೆಳ್ಳಗ ಏನಿದು?”

ನಿರುಪಾದಿ ಬಗ್ಗಿ ನೋಡಿದ.

“ವಿಭೂತಿರಿ.”

ಇದೂ ಅಲ್ಲಿಯ ಪದ್ಧತಿಯೇ. ಹೊಸದು ಏನೇ ಬರಲಿ, ಕೊಡಲಿಯಾಗಲಿ ಕೊಡವಾಗಲಿ, ಬಳಸುವ ಮೊದಲು ವಿಭೂತಿ ಕಲಸಿ ಮೂರು ಬೆರಳಿನಿಂದ ಎಳೆಯುತ್ತಾರೆ. ಕೊಡಲಿಗೆ ಅದರಿಂದ ಏನೂ ಆಗುವುದಿಲ್ಲ.

“ಬರೋಬ್ಬರಿ ಹಲ್ಲಿನ ಮ್ಯಾಲೆ ಎಳದೀಯಲ್ಲೋ.”

“ಅಲ್ಲೇ ಅದರ ಮುಖ ಇದ್ದಂಗ ಕಂಡಿತ್ರಿ.”

“ನಿನ್ನ ಭಕ್ತಿ ಅದರ ಬಾಯಿ ಮುಚ್ಚೇತಿ” ಅಂದರು ಅಜ್ಜಾರು.

“ತೊಳಕೊಂಡು ಬರಲೇನ್ರಿ?”

“ಒಂದನ್ನ ಹೊಳಿಗೆ ಬಿಟ್ಟಿ. ಇದಕ್ಕ ಸ್ನಾನ ಮಾಡಸ್ತೀಯೇನು? ಒಣ ಕುಂಚ ತಾ.”

ಅಜ್ಜಾರು ಪಂಚಾಂಗದಲ್ಲಿ ಹಾಕಿದ ಗುರುತು ಅಳಿಸಲು ಇಟ್ಟುಕೊಂಡಿದ್ದ ರಬ್ಬರು ತೆಗೆದರು. ಆ ಹಲ್ಲುಗಳನ್ನು ಮೆಲ್ಲಗೆ ತಿಕ್ಕತೊಡಗಿದರು. ಒಣಗಿದ ಬೂದಿ ಉದುರಿತು, ಬಂಗಾರದ ಬಣ್ಣ ಹೊಳೆಯಿತು. ಡಬ್ಬಿಯೊಳಗೆ ಪಟ್ಟಿ ಕೂರುವ ಸೀಳಿನಲ್ಲಿ ಬಿದ್ದ ಬೂದಿಯನ್ನು ನಿರುಪಾದಿ ಒಣ ಕುಂಚದಿಂದ ಕೆರೆದು ತೆಗೆದ.

ಅಷ್ಟರಲ್ಲಿ ಬಾಗಿಲಲ್ಲಿ ಕಾಳವ್ವ ಬಂದು ನಿಂತಳು. ಕೈಯಲ್ಲಿ ಚೀಲ, ಚೀಲದಲ್ಲಿ ಬಟ್ಟೆಬರೆ.

“ಏನ ನಡದೈತ್ರಿ ಅಜ್ಜಾರ?”

ಅಜ್ಜಾರು ಶಿಷ್ಯನ ಕಡೆ ನೋಡಿದರು. “ನೀನೇ ಹೇಳು.”

ನಿರುಪಾದಿ ಈ ಸಲ ಊರು ಸುತ್ತಲಿಲ್ಲ.

“ಅವ್ವಾ, ಕಂಪ್ಯೂಟರ್ ನಾನೇ ಕೆಡಿಸೀನಿ. ಮೌನೇಶಪ್ಪಾರ ಪದ ಅದರೊಳಗ ಅದಾವ. ಬಾಗಿಲ ತಗೀವಲ್ದು.”

ಕಾಳವ್ವ ಚೀಲವನ್ನು ನೆಲಕ್ಕಿಟ್ಟಳು.

“ರಿಪೇರಿ ಆಗತೈತೇನು?”

“ಗೊತ್ತಿಲ್ಲವ್ವಾ. ಖರೇ ಹೇಳ್ತೀನಿ.”

“ಹಂಗಾದ್ರ ನನ್ನ ಮುಖ ಯಾಕ ನೋಡ್ತಿ? ಕೆಲಸ ಮಾಡು. ನಾ ಇಲ್ಲೇ ಕುಂದರತೀನಿ.”

ಅಲ್ಲೇ ಗೋಡೆಗೆ ಒರಗಿ ಕೂತಳು. ನಿರುಪಾದಿ ಎರಡೂ ಪಟ್ಟಿ ಕೈಗೆತ್ತಿಕೊಂಡ.

“ಎರಡೂ ಬ್ಯಾಡ” ಅಂದರು ಅಜ್ಜಾರು. “ಒಂದು ಹಾಕು. ಎರಡೂ ಕೂಡಿಸಿ ಹಾಕಿದ್ರ ತಪ್ಪು ಯಾವುದರದಂತ ಹೆಂಗ ತಿಳಿಬೇಕು?”

ಒಂದು ಹಾಕಿದ. ಕರೆಂಟ್ ಕೊಟ್ಟ. ಬಟನ್ ಒತ್ತಿದ.

ಕುಂಯ್, ಕುಂಯ್, ಕುಂಯ್.

ನಿರುಪಾದಿಯ ಭುಜ ಇಳಿದುಹೋಯಿತು. “ಮುಗೀತ್ರಿ. ಇದೂ ಸತ್ತೈತಿ.”

“ತಡಿ ತಮ್ಮಾ” ಅಂದಳು ಕಾಳವ್ವ. ಎದ್ದು ಬಂದು ಡಬ್ಬಿಯೊಳಗೆ ಬಗ್ಗಿ ನೋಡಿದಳು. “ಅದು ಕುಂತಿಲ್ಲಲ್ಲ. ನೋಡು, ಈ ಮಗ್ಗಲ ಎದ್ದೈತಿ.”

ನಿಜ. ಪಟ್ಟಿಯ ಒಂದು ತುದಿ ಇಳಿದಿತ್ತು. ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲಿತ್ತು. ನಿರುಪಾದಿ ನೂರು ಸಲ ನೋಡಿದ್ದ, ಅವನಿಗೆ ಕಂಡಿರಲಿಲ್ಲ. ಮೂವತ್ತು ವರ್ಷ ಬಡಿಗನ ಜೊತೆ ಬಾಳಿದವಳ ಕಣ್ಣಿಗೆ ಒಂದೇ ಸಲಕ್ಕೆ ಕಂಡಿತು.

“ಜೋರ ಒತ್ತಿದ್ರ ಮುರದೀತಂತ ಅಂಜಿ ಒತ್ತೀನ್ರಿ.”

“ಅಂಜಿ ಕೂಡಿಸಿದ ಕೀಲು ಕೂಡೂದಿಲ್ಲಪ. ನಮ್ಮ ಮನಿಯವ್ರು ಕೆಲಸದ ಹುಡುಗರಿಗೆ ದಿನಾ ಬೈತಿದ್ರು, ಸಪ್ಪಳ ಬರೂಮಟಾ ಒತ್ರಿ ಅಂತ. ಕರೆಂಟ್ ತಗಿ.”

ಅವನು ಪ್ಲಗ್ ಕಿತ್ತ. ಆಕೆ ಎರಡೂ ಹೆಬ್ಬೆರಳನ್ನು ಪಟ್ಟಿಯ ಎರಡು ತುದಿಗೆ ಇಟ್ಟಳು. ನೆಟ್ಟಗೆ, ಒಂದೇ ಸಮ ಒತ್ತಿದಳು.

ಟಕ್ ಅಂತು. ಇನ್ನೊಂದು ಬದಿಯೂ ಟಕ್ ಅಂತು. ಎರಡೂ ಕಡೆಯ ಕೊಕ್ಕೆಗಳು ಎದ್ದು ಪಟ್ಟಿಯನ್ನು ಕಚ್ಚಿಕೊಂಡವು.

“ಈಗ ಹಚ್ಚು.”

ಹಚ್ಚಿದ. ಒಳಗಿನ ಫ್ಯಾನು ತಿರುಗಿತು. ಕುಂಯ್ ಅನ್ನಲಿಲ್ಲ. ಪರದೆ ಮಾತ್ರ ಕರ್ರಗೆ ಇತ್ತು.

ಮೂವರೂ ಕಾದರು. ಪರದೆ ಕರ್ರಗೇ ಇತ್ತು. ನಿರುಪಾದಿಯ ಕೈ ಬಟನ್ನಿನತ್ತ ಹೋಯಿತು. ಅಜ್ಜಾರು ಆ ಕೈ ಹಿಡಿದುಕೊಂಡರು.

“ಹೊಸ ಮಣಿ ಸಿಕ್ಕೈತಿ. ಗುರುತು ಮಾಡಿಕೊಳ್ಳಾಕ ಬಿಡು ಅದಕ್ಕ.”

ಹಿಡಿದ ಕೈ ಬಿಡಲಿಲ್ಲ. ಶಿಷ್ಯನ ನಾಡಿ ಹೊಡೆದುಕೊಳ್ಳುವುದು ಅವರ ಬೆರಳಿಗೆ ತಿಳಿಯುತ್ತಿತ್ತು.

ಪರದೆ ಬೆಳಗಿತು.

ಅಬ್ಬಾ! ನಿರುಪಾದಿಗೆ ಹೋದ ಜೀವ ಬಂದಂತಾಯಿತು. ಅಜ್ಜಾರ ಕಾಲಿಗೆ ಬಿದ್ದ, ಎದ್ದ, ಕಾಳವ್ವನ ಕಾಲಿಗೂ ಬಿದ್ದ. “ಅಯ್ಯ, ಏಳಪ ಸಾಕು” ಅಂದಳು ಆಕೆ, ನಗುತ್ತ. ನಲವತ್ತು ಪದಗಳೂ ಇಟ್ಟಲ್ಲೇ ಇದ್ದವು, ಒಂದೂ ಕದಲಿರಲಿಲ್ಲ.

“ಇನ್ನೊಂದು ಪಟ್ಟಿನೂ ಹಾಕಿಬಿಡಲೇನ್ರಿ? ಭಾಳ ಚುರುಕಾಗತೈತಿ” ಅಂದ ನಿರುಪಾದಿ.

ಅಜ್ಜಾರು ಅವನನ್ನು ಸುಮ್ಮನೆ ನೋಡಿದರು.

“ಬ್ಯಾಡ್ರಿ. ನಾಳೆ ಹಾಕ್ತೀನ್ರಿ” ಅಂದ.

ಮೊದಲ ಪದ ಹಚ್ಚಿದ. ಏಕತಾರಿ ಮಿಡಿಯಿತು. ಅದರ ಹಿಂದೆ ಮೌನೇಶಪ್ಪನವರ ದನಿ ಬಂತು. ಒಮ್ಮೆಯೂ ತಡವರಿಸಲಿಲ್ಲ. ಕೋಣೆ ತುಂಬಿತು.

ಕಾಳವ್ವ ಸೆರಗು ಹೊದ್ದು, ಕೈಮುಗಿದು ಕೇಳಿದಳು. ಗುಡಿಯಲ್ಲಿ ಕೂತು ಕೇಳಿದ ಹಾಗೆ ಕೇಳಿದಳು. ಕಣ್ಣಲ್ಲಿ ನೀರು ಬರಲಿಲ್ಲ. ಮುಖವೂ ಅರಳಲಿಲ್ಲ.

ನಿರುಪಾದಿಗೆ ಒಳಗೊಳಗೇ ಕಸಿವಿಸಿ. ಇಷ್ಟೆಲ್ಲ ಮಾಡಿ ಆಕೆಗೆ ಬೇಕಾದ್ದು ಸಿಗಲಿಲ್ಲವೇ?

ಪದ ಮುಗಿಯಿತು. ರೆಕಾರ್ಡಿಂಗ್ ಇನ್ನೂ ನಡೆದಿತ್ತು. ಮೌನೇಶಪ್ಪ ಕೆಮ್ಮಿದರು. ಉದ್ದಕ್ಕೆ, ಎರಡು ಸಲ. ಏಕತಾರಿ ನೆಲಕ್ಕಿಟ್ಟ ಸಪ್ಪಳ. ಆಮೇಲೆ, ಹಾಡುವ ದನಿಯಲ್ಲಲ್ಲ, ಮನೆಯ ದನಿಯಲ್ಲಿ ಕೇಳಿದರು.

“ಕಾಳೀ, ಆ ಬೆಲ್ಲದ ತುಣುಕು ಎಲ್ಲಿಟ್ಟಿ?”

“ನಿಮ್ಮ ಕಿಸೇದಾಗ ನೋಡ್ಕೋರಿ” ಅಂದಳು ಕಾಳವ್ವ.

ಅಂದದ್ದು ಆಕೆಗೇ ಆಮೇಲೆ ತಿಳಿಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ನಕ್ಕಳು. ನಗುತ್ತ ನಗುತ್ತ ಕಣ್ಣೀರು ಕೋಡಿ ಹರಿಯಿತು, ಒರೆಸಿಕೊಳ್ಳಲೂ ಇಲ್ಲ.

“ಬಂದ್ರು ನೋಡ್ರಿ ಅಜ್ಜಾರ” ಅಂದಳು. “ಹಾಡೂ ಮುಂದ ಅವರು ಎಲ್ಲಾರವರು ಆಗಿದ್ರು. ಇವರು ನಮ್ಮ ಮನಿಯವ್ರು.”

ನಿರುಪಾದಿಯ ಕಡೆ ತಿರುಗಿ ಹೇಳಿದಳು, “ತಮ್ಮಾ, ಅಷ್ಟೇ ಇನ್ನೊಮ್ಮೆ ಹಚ್ಚು.”

ನಿರುಪಾದಿ ಹಚ್ಚಿದ. ಮತ್ತೊಮ್ಮೆ ಹಚ್ಚಿದ. ಆಕೆ ಪ್ರತಿ ಸಲವೂ ಉತ್ತರ ಕೊಟ್ಟಳು.

ಹೊರಗೆ ಬಿಸಿಲು ಏರಿತ್ತು. ಬಸ್ಸಿಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ನಿರುಪಾದಿ ಆಕೆಯ ಫೋನಿಗೆ ವಾಯರ್ ಹಚ್ಚಿದ.

“ಎಲ್ಲಾ ಹಾಕಾಕ ಹೊತ್ತು ಸಾಲೂದಿಲ್ರಿ ಅಜ್ಜಾರ” ಅಂದ. “ಯಾವ ಪದದಿಂದ ಸುರು ಮಾಡ್ಲಿ?”

ಅಜ್ಜಾರು ಬಾಗಿಲಲ್ಲಿ ನಿಂತು ಕಾಳವ್ವನನ್ನು ನೋಡಿದರು. ಆಕೆ ಇನ್ನೂ ನಗುತ್ತಿದ್ದಳು.

“ಪದ ಆಮ್ಯಾಲೆ ಹಾಕೀಯಂತ. ಮೊದಲ ಆ ಕೆಮ್ಮು ಹಾಕು.”