ಗಾಜೆಂದ ಮಾತು

“ಗುರುಗಳೇ, ಒಬ್ಬನು ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಒಂದು ಮನೆಯವರಿಗೆ ಹೇಳಿಬಿಟ್ಟ. ಆಮೇಲೆ ತಾನು ಹೇಳಿದ್ದು ತಪ್ಪೆಂದು ಅವನಿಗೇ ತಿಳಿಯಿತು. ಅವನು ತಾನಾಗಿ ಹೋಗಿ ಹೇಳಬೇಕೇ? ಅಥವಾ ಅವರಾಗಿ ಕೇಳುವವರೆಗೆ ಸುಮ್ಮನಿರಬಹುದೇ?”

ಪಾಠ ಮುಗಿದು ಉಳಿದವರೆಲ್ಲ ಎದ್ದುಹೋಗಿದ್ದರು. ಈ ಶಿಷ್ಯ ಮಾತ್ರ ಕುಳಿತೇ ಇದ್ದ. ಆ ಒಬ್ಬನು ಯಾರೆಂದು ಗುರುಗಳು ಕೇಳಲಿಲ್ಲ. ಅವನ ಮುಖ ನೋಡಿ ಈ ಕತೆ ಹೇಳಿದರು.

ಕಡಲ ಕಡೆಯ ಒಂದು ಊರಿನಲ್ಲಿ ನೇಮಣ್ಣನೆಂಬ ಯುವಕನಿದ್ದ. ಮನೆಯವರು ಬಟ್ಟೆಯ ವ್ಯಾಪಾರಿಗಳು. ಅವನಿಗೆ ಬಟ್ಟೆಯಲ್ಲಿ ಮನಸ್ಸಿರಲಿಲ್ಲ. ಒಮ್ಮೆ ಪೇಟೆಯಲ್ಲಿ ರತ್ನದ ವ್ಯಾಪಾರಿಯೊಬ್ಬನನ್ನು ಕಂಡ. ಆತ ಬಿಳಿ ಬಟ್ಟೆಯ ಮೇಲೆ ಕಲ್ಲುಗಳನ್ನು ಹರಡಿಕೊಂಡು, ಇದು ಇರಲಿ, ಇದು ಬೇಡ ಎಂದು ಒಂದೊಂದೇ ನೋಟಕ್ಕೆ ಬೇರೆ ಮಾಡುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿದು ಅವನ ಬಾಯನ್ನೇ ನೋಡುತ್ತಿದ್ದರು. ತನ್ನ ಮಾತಿಗೂ ಜನ ಹಾಗೆ ಕಾಯಬೇಕೆಂದು ನೇಮಣ್ಣನಿಗೆ ಆಸೆ ಹುಟ್ಟಿತು. ಹಟಮಾಡಿ ತಂದೆಯನ್ನು ಒಪ್ಪಿಸಿದ. ರಾಜಧಾನಿಗೆ ಹೋಗಿ ಹೆಸರಾಂತ ರತ್ನಪರೀಕ್ಷಕರೊಬ್ಬರ ಬಳಿ ವಿದ್ಯೆಗೆ ಸೇರಿಕೊಂಡ. ಕಲಿತು ಬಂದು ಊರಿನ ಪೇಟೆಯಲ್ಲಿ ರತ್ನದ ಅಂಗಡಿ ತೆರೆಯಬೇಕೆಂಬುದು ಅವನ ಎಣಿಕೆ.

ಪರೀಕ್ಷಕರು ನಿಧಾನವಾಗಿ ಕಲಿಸುವವರು. ಮೊದಲು ಬೆಳಕನ್ನು ಕಲಿಸಿದರು. ಬೆಳಗಿನ ಬಿಸಿಲಲ್ಲಿ ಕಾಣುವ ಬಣ್ಣವೇ ಬೇರೆ, ದೀಪದ ಬುಡದಲ್ಲಿ ಕಾಣುವ ಬಣ್ಣವೇ ಬೇರೆ. ಆಮೇಲೆ ತೂಕ. ಆಮೇಲೆ ತಂಪು. ನಿಜವಾದ ಕಲ್ಲನ್ನು ತುಟಿಗೆ ತಾಗಿಸಿದರೆ ತಣ್ಣಗಿರುತ್ತದೆ, ಗಾಜು ಬೇಗ ಬೆಚ್ಚಗಾಗುತ್ತದೆ. ಅದಾದ ಮೇಲೆ ಭೂತಗನ್ನಡಿಯನ್ನು ಕೈಗೆ ಕೊಟ್ಟು ಕಲ್ಲಿನ ಒಳಗನ್ನು ತೋರಿಸತೊಡಗಿದರು. ಗಾಜಿನ ಒಳಗೆ ಗಾಳಿಯ ಗುಳ್ಳೆಗಳಿರುತ್ತವೆ, ಕಲ್ಲಿನ ಒಳಗೆ ರೇಷ್ಮೆಯಂಥ ಎಳೆಗಳಿರುತ್ತವೆ ಎಂದು ಮೊದಲ ಪಾಠ ಹೇಳಿದರು. ಇನ್ನೂ ಬಹಳ ಪಾಠಗಳಿದ್ದವು.

“ಎರಡು ಗುರುತುಗಳು ಒಂದಕ್ಕೊಂದು ಒಪ್ಪದಿದ್ದರೆ ಕಲ್ಲನ್ನು ಕೆಳಗಿಟ್ಟು ನನ್ನನ್ನು ಕರೆಯಿರಿ” ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಉಳಿದವರು ಕರೆಯುತ್ತಿದ್ದರು. ನೇಮಣ್ಣ ಚುರುಕು. ಕರೆಯುವುದೆಂದರೆ ಅವನಿಗೆ ಸೋತಂತೆ. ಊಹಿಸುತ್ತಿದ್ದ. ಅವನ ಊಹೆ ಸಾಮಾನ್ಯವಾಗಿ ಸರಿಯಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಅಕ್ಕನ ಸೀಮಂತಕ್ಕೆಂದು ಊರಿಗೆ ಬಂದ. ಊಟವಾಗಿ ಹೆಂಗಸರೆಲ್ಲ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದರು. ತಾಯಿಗೆ ಮಗನನ್ನು ತೋರಿಸಿಕೊಳ್ಳುವ ಆಸೆ. “ನಮ್ಮ ನೇಮಣ್ಣ ಕಲ್ಲನ್ನು ನೋಡಿಯೇ ಅದರ ಹುಟ್ಟು ಹೇಳುತ್ತಾನೆ” ಎಂದಳು. ಒಬ್ಬಳು ಓಲೆ ಬಿಚ್ಚಿ ಕೊಟ್ಟಳು, ಇನ್ನೊಬ್ಬಳು ಮೂಗುಬೊಟ್ಟು ಕೊಟ್ಟಳು. ಅವನು ಭೂತಗನ್ನಡಿ ಹಿಡಿದು ನೋಡಿ ಇದು ಒಳ್ಳೆಯ ಹರಳು, ಇದು ಸಾಧಾರಣದ್ದು ಎಂದು ಹೇಳುತ್ತ ಹೋದ. ಜಗಲಿಯಲ್ಲಿ ಮಾತು ನಿಂತಿತು. ಎಲ್ಲರೂ ಅವನ ಬಾಯನ್ನೇ ನೋಡತೊಡಗಿದರು.

ಆಗ ನೆರೆಮನೆಯ ಪದ್ಮಕ್ಕ ತನ್ನ ಉಂಗುರವನ್ನು ಕಳಚಿ ಮುಂದೆ ಹಿಡಿದಳು. ಅದರಲ್ಲಿ ಒಂದು ಕೆಂಪು ಕಲ್ಲಿತ್ತು. ಆ ಕಲ್ಲಿನ ಕತೆ ಬೀದಿಗೆಲ್ಲ ಗೊತ್ತಿದ್ದದ್ದೇ. ಪದ್ಮಕ್ಕನ ಗಂಡ ಪ್ರಾಯದಲ್ಲಿ ಹಡಗಿನ ಅಡುಗೆಯವನಾಗಿ ಸಿಂಹಳಕ್ಕೆ ಹೋಗಿದ್ದ. ಜೊತೆಗೆ ಹೋದವರು ತಿರುಗಿ ಬಂದರು, ಅವನು ಬರಲಿಲ್ಲ. ಇನ್ನೂ ಒಂದು ವರ್ಷ ಅಲ್ಲೇ ಉಳಿದ. ಆ ವರ್ಷವೇ ಅವರ ಚೊಚ್ಚಲ ಮಗು ಜ್ವರದಿಂದ ತೀರಿಕೊಂಡಿತು. ಬಂದವನು ಈ ಕಲ್ಲನ್ನು ಹೆಂಡತಿಯ ಕೈಯಲ್ಲಿಟ್ಟು, ಕೂಲಿಯ ಬದಲು ಕಲ್ಲು ಕೊಡುವ ಗಣಿಯಲ್ಲಿ ಮಣ್ಣು ತೊಳೆಯುತ್ತಿದ್ದೆ, ನಿನಗಾಗಿ ಇದೊಂದು ಮಾಣಿಕ್ಯ ಸಿಗುವವರೆಗೆ ನಿಂತೆ, ಎಂದು ಹೇಳಿದ್ದ. ಪದ್ಮಕ್ಕ ಬಹಳ ದಿನ ಅತ್ತು, ಕೊನೆಗೆ ಅದನ್ನು ಉಂಗುರಕ್ಕೆ ಕೂರಿಸಿ ತೊಟ್ಟುಕೊಂಡಿದ್ದಳು. ಈಗ ಇಬ್ಬರಿಗೂ ತಲೆ ನರೆತಿತ್ತು.

ನೇಮಣ್ಣ ಕಲ್ಲನ್ನು ಬೆಳಕಿಗೆ ಹಿಡಿದ. ಒಳಗೆ ಒಂದೆರಡು ದುಂಡನೆಯ ಚುಕ್ಕೆಗಳು ಕಂಡವು. ಗುಳ್ಳೆಯೆಂದುಕೊಂಡ. ತುಟಿಗೆ ತಾಗಿಸಿದ. ಕಲ್ಲು ತಣ್ಣಗಿತ್ತು. ಮತ್ತೊಮ್ಮೆ ತಾಗಿಸಿದ. ಆಗಲೂ ತಣ್ಣಗೇ ಇತ್ತು. ಕಣ್ಣು ಗಾಜು ಎನ್ನುತ್ತಿತ್ತು, ತುಟಿ ಕಲ್ಲು ಎನ್ನುತ್ತಿತ್ತು. ನನಗೆ ತಿಳಿಯದು, ನಮ್ಮ ಗುರುಗಳಿಗೆ ತೋರಿಸಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತು. ತಲೆಯೆತ್ತಿದಾಗ ಅಷ್ಟೂ ಮುಖಗಳು ಕಾಯುತ್ತಿದ್ದವು. ತಾಯಿಯ ಮುಖವೂ ಇತ್ತು.

“ಇದು ಗಾಜು, ದೊಡ್ಡಮ್ಮ” ಎಂದ.

“ಚೆನ್ನಾಗಿ ನೋಡಿದೆಯಾ ಮಗು?”

“ನೋಡಿದೆ.”

ಯಾರೋ ಸಣ್ಣಗೆ ನಕ್ಕರು. ಪದ್ಮಕ್ಕ ಉಂಗುರವನ್ನು ತಿರುಗಿ ತೊಡಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಯಾರನ್ನೂ ನೋಡದೆ, “ಹಾಗಾದರೆ ಆ ವರ್ಷ ಅವರು ಎಲ್ಲಿದ್ದರು?” ಎಂದಳು. ನಕ್ಕವರು ನಗುವನ್ನು ನುಂಗಿಕೊಂಡರು. ಆಕೆ ಎದ್ದು ಮನೆಗೆ ಹೋದಳು.

ನೇಮಣ್ಣ ರಾಜಧಾನಿಗೆ ಹೊರಟ ದಿನ ಪದ್ಮಕ್ಕನ ಗಂಡ ಬೀದಿಯ ತಿರುವಿನಲ್ಲಿ ಅವನಿಗಾಗಿ ಕಾದು ನಿಂತಿದ್ದ. ಮನೆಯೊಳಗೆ ಬಂದು ಕೇಳಲು ಆತನಿಗೆ ಸಂಕೋಚ. “ನೇಮಣ್ಣ, ಆ ಕಲ್ಲನ್ನು ನಾನೇ ಮಣ್ಣಿನಿಂದ ತೊಳೆದು ತೆಗೆದದ್ದು. ಇನ್ನೊಂದು ಸಲ ನೋಡುತ್ತೀಯಾ? ನನ್ನ ಮಾತನ್ನು ಅವಳು ಕೇಳುವುದಿಲ್ಲ. ನಿನ್ನದನ್ನು ಕೇಳುತ್ತಾಳೆ” ಎಂದ.

ನೇಮಣ್ಣನ ಕಿವಿ ಬಿಸಿಯಾಯಿತು. ತುಟಿಗೆ ತಾಗಿದ ಆ ತಂಪು ನೆನಪಿಗೆ ಬಂತು. ಇನ್ನೊಮ್ಮೆ ನೋಡಿದರೆ ಮೊದಲು ಸರಿಯಾಗಿ ನೋಡಿರಲಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. “ಗಾಡಿ ಕಾಯುತ್ತಿದೆ, ದೊಡ್ಡಪ್ಪ” ಎಂದು ಹೇಳಿ ನಡೆದುಬಿಟ್ಟ.

ಮಳೆ ಹಿಡಿದ ಕಾಲದಲ್ಲಿ ಒಂದು ದಿನ ಪರೀಕ್ಷಕರು ಶಿಷ್ಯರ ಮುಂದೆ ಒಂದು ಕೆಂಪು ಕಲ್ಲನ್ನಿಟ್ಟರು. ಒಳಗೆ ದುಂಡನೆಯ ಚುಕ್ಕೆಗಳಿದ್ದವು. ಒಬ್ಬೊಬ್ಬರೂ ನೋಡಿ ಗಾಜು ಎಂದರು. ನೇಮಣ್ಣನೂ ಹಾಗೇ ಎಂದ.

“ಅಲ್ಲ. ಇದು ಮಾಣಿಕ್ಯ” ಎಂದರು ಪರೀಕ್ಷಕರು. “ಇವು ಗಾಳಿಯ ಗುಳ್ಳೆಗಳಲ್ಲ. ಕಲ್ಲು ನೆಲದೊಳಗೆ ಬೆಳೆಯುವಾಗ ತನ್ನೊಳಗೆ ಸೇರಿಸಿಕೊಂಡ ಬೇರೆ ಹರಳುಗಳು. ಮೂಲೆ ಸವೆದು ದುಂಡಾಗಿವೆ. ನಿಧಾನವಾಗಿ ತಿರುಗಿಸಿ ನೋಡಿದರೆ ಅಂಚು ಕಾಣುತ್ತದೆ. ಅವಸರದವರಿಗೆ ಗುಳ್ಳೆಯಾಗಿಯೇ ಕಾಣುತ್ತದೆ. ಅದಕ್ಕೇ ತುಟಿಯನ್ನೂ ಕೇಳಬೇಕು.”

ಉಳಿದವರು ಒಬ್ಬರ ಮೇಲೊಬ್ಬರು ಬಗ್ಗಿ ಅಂಚನ್ನು ಹುಡುಕಿದರು. ನೇಮಣ್ಣ ಹಿಂದೆ ಸರಿದು ಗೋಡೆಗೆ ಒರಗಿದ.

ಅಂದೇ ಊರಿಗೆ ಹೊರಡಬಹುದಿತ್ತು. ಪರೀಕ್ಷಕರನ್ನು ಕೇಳಿದ್ದರೆ ಕಳುಹಿಸುತ್ತಿದ್ದರು. ಆದರೆ ಏಕೆ ಹೋಗುತ್ತೀಯೆಂದು ಅವರು ಕೇಳುತ್ತಾರಲ್ಲ, ಏನು ಹೇಳುವುದು? ಮಳೆ ನಿಲ್ಲಲಿ ಎಂದುಕೊಂಡ. ಮಳೆ ನಿಂತಿತು. ಜನ ಅಂದೇ ಅದನ್ನು ಮರೆತಿರಬಹುದು, ಗಂಡಹೆಂಡಿರು ಒಂದಾಗಿರಬಹುದು, ಈಗ ಹೋಗಿ ಕೆದಕುವುದೇಕೆ ಎಂದುಕೊಂಡ. ಊರಿನಿಂದ ಬಂದವರು ಸಿಕ್ಕಿದರೆ ಎಲ್ಲರ ಕ್ಷೇಮ ಕೇಳುತ್ತಿದ್ದ, ನೆರೆಮನೆಯದು ಮಾತ್ರ ಕೇಳುತ್ತಿರಲಿಲ್ಲ. ವಿದ್ಯೆ ಮುಗಿದ ಮೇಲೆ ಹೋದರೆ ನನ್ನ ಮಾತಿಗೆ ತೂಕವಿರುತ್ತದೆ, ಆಗ ತಪ್ಪೊಪ್ಪಿಕೊಂಡರೂ ಅದು ದೊಡ್ಡದಾಗಿ ಕಾಣುವುದಿಲ್ಲ ಎಂದು ಕೊನೆಗೆ ತೀರ್ಮಾನಿಸಿಕೊಂಡ. ಅದರಿಂದ ಸ್ವಲ್ಪ ನೆಮ್ಮದಿಯಾಯಿತು. ಕೆಂಪು ಕಲ್ಲು ಕೈಗೆ ಬಂದಾಗಲೆಲ್ಲ ಆ ನೆಮ್ಮದಿ ಕೆಡುತ್ತಿತ್ತು.

ವಿದ್ಯೆ ಮುಗಿಯಿತು. ಪರೀಕ್ಷಕರು ತಾವೇ ಬಳಸುತ್ತಿದ್ದ ತಕ್ಕಡಿಯನ್ನು ಅವನಿಗೆ ಕೊಟ್ಟು ಹರಸಿದರು. ಊರು ಸೇರಿದಾಗ ಬೇಸಿಗೆ. ನೇಮಣ್ಣ ತನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಹತ್ತಿದರೆ ಮತ್ತೆ ನಾಳೆ ಎನ್ನುತ್ತೇನೆಂದು ಅವನಿಗೆ ತನ್ನ ಮೇಲೇ ಅನುಮಾನವಿತ್ತು. ಗಂಟನ್ನು ಹೊತ್ತುಕೊಂಡೇ ನೆರೆಮನೆಯ ಅಂಗಳಕ್ಕೆ ಹೋದ.

ಪದ್ಮಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಆಕೆಯ ಹಣೆ ಬರಿದಾಗಿತ್ತು. ಕೈಯಲ್ಲಿ ಬಳೆಯಿರಲಿಲ್ಲ.

ಬಂದ ಹಾಗೇ ತಿರುಗಿ ಹೋಗಬೇಕೆನಿಸಿತು ಅವನಿಗೆ. ಅಷ್ಟರಲ್ಲಿ ಆಕೆ ಅವನನ್ನು ನೋಡಿ, “ಬಾ ಮಗು. ಓದು ಮುಗಿಯಿತೇ?” ಎಂದಳು.

“ಮುಗಿಯಿತು, ದೊಡ್ಡಮ್ಮ. ಆ ಉಂಗುರ ಇದೆಯೇ?”

ಆಕೆ ಒಳಗೆ ಹೋಗಿ ಸಾಸಿವೆಯ ಡಬ್ಬಿಯಿಂದ ಅದನ್ನು ತೆಗೆದು ತಂದಳು. ನೇಮಣ್ಣ ಅದನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿದ. ಚುಕ್ಕೆಗಳಿಗೆ ಅಂಚಿತ್ತು. ಅವನಿಗೆ ಬೇಕಾಗಿದ್ದ ಗುರುತು ಅದೇ. ಅದು ಸಿಕ್ಕದೆ ಹೋಗಿದ್ದರೆ ಒಳ್ಳೆಯದಿತ್ತೆಂದು ಆ ಕ್ಷಣದಲ್ಲಿ ಅನಿಸಿತು, ಹಾಗೆ ಅನಿಸಿದ್ದಕ್ಕೂ ನಾಚಿಕೆಯಾಯಿತು.

“ಇದು ಮಾಣಿಕ್ಯವೇ. ಅಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಯಿತು. ದೊಡ್ಡಪ್ಪ ಹೇಳಿದ್ದು ನಿಜ” ಎಂದ.

ಪದ್ಮಕ್ಕ ಮತ್ತೆ ಮೊರದ ಮುಂದೆ ಕುಳಿತಳು. ಆಮೇಲೆ, “ನಿನ್ನ ಅಕ್ಕನ ಸೀಮಂತದಿಂದ ನಾನು ಅವರೊಡನೆ ಮಾತು ಬಿಟ್ಟೆ. ಊಟಕ್ಕೆ ಜಗಲಿಯಲ್ಲೇ ಎಲೆ ಹಾಕುತ್ತಿದ್ದೆ. ಹಾಸಿಗೆ ಹಿಡಿದ ಮೇಲೆ ನೀರು ಕೇಳಿದರು, ಕೊಟ್ಟೆ. ಮಾತು ಕೊಡಲಿಲ್ಲ” ಎಂದಳು. ಬೈಯುವ ದನಿಯಲ್ಲಿ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲಿತ್ತೆಂದು ಹೇಳುವಂತೆ ಹೇಳಿದಳು. ಮತ್ತೆ ಕೇಳಿದಳು: “ಇದು ನಿನಗೆ ಯಾವಾಗ ತಿಳಿಯಿತು?”

ಈಗ ತಾನೇ ತಿಳಿಯಿತೆಂದು ಹೇಳಬಹುದಿತ್ತು. ಉಂಗುರ ಅವನ ಕೈಯಲ್ಲೇ ಇತ್ತು, ಆಕೆ ನಂಬುತ್ತಿದ್ದಳು. ನೇಮಣ್ಣ ತಲೆ ತಗ್ಗಿಸಿದ.

“ಕಳೆದ ಮಳೆಗಾಲದಲ್ಲಿ.”

“ದೀಪಾವಳಿಯವರೆಗೂ ಇದ್ದರು” ಎಂದಳು ಪದ್ಮಕ್ಕ.

ಉಂಗುರವನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ನೇಮಣ್ಣ ಅಂಗಳದಲ್ಲಿ ನಿಂತೇ ಇದ್ದ. ಹೋಗೆಂದು ಆಕೆ ಹೇಳಲಿಲ್ಲ, ಕುಳಿತುಕೋ ಎಂದೂ ಹೇಳಲಿಲ್ಲ. ಬಿಸಿಲು ಏರುವವರೆಗೆ ನಿಂತು, ಆಮೇಲೆ ತನ್ನ ಮನೆಗೆ ಹೋದ.

ಮರುದಿನ ಅವನು ಸೀಮಂತಕ್ಕೆ ಬಂದಿದ್ದ ಹೆಂಗಸರ ಮನೆಗಳಿಗೆಲ್ಲ ಹೋಗಿ, ಆ ಕಲ್ಲು ಮಾಣಿಕ್ಯವೆಂದೂ ತಾನೇ ತಪ್ಪು ಹೇಳಿದ್ದೆನೆಂದೂ ಹೇಳಿ ಬಂದ. ಕೆಲವರು ಅಯ್ಯೋ ಎಂದರು. ಕೆಲವರಿಗೆ ಆ ಮಾತೇ ಮರೆತುಹೋಗಿತ್ತು. ಅವನು ಅಂದುಕೊಂಡಷ್ಟು ಯಾರೂ ಅವನನ್ನು ಹೀಯಾಳಿಸಲಿಲ್ಲ. ಇಷ್ಟಕ್ಕಾಗಿಯೇ ತಾನು ಅಷ್ಟು ದಿನ ಹೆದರಿದ್ದು ಎಂದು ತಿಳಿದಾಗ ಅವನಿಗೆ ಊಟ ಸೇರಲಿಲ್ಲ.

ಕಾಲಕ್ರಮದಲ್ಲಿ ಪೇಟೆಯಲ್ಲಿ ಅಂಗಡಿ ತೆರೆದ. ವ್ಯಾಪಾರ ಕುದುರಿತು. ಸಂದೇಹವಿದ್ದ ಕಲ್ಲನ್ನು ಕೆಳಗಿಟ್ಟು, ನನಗೆ ತಿಳಿಯದು ಎಂದು ಎಲ್ಲರೆದುರಿಗೇ ಹೇಳುತ್ತಿದ್ದ. ಅದಕ್ಕಾಗಿಯೇ ದೂರದ ಊರುಗಳಿಂದ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು, ಇವನಂಥ ಪ್ರಾಮಾಣಿಕನಿಲ್ಲವೆಂದು ಹೊಗಳುತ್ತಿದ್ದರು. ಹೊಗಳಿದಾಗ ಅವನು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯವೆಂದುಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನೆಲ ನೋಡುತ್ತ ಕುಳಿತಿದ್ದ. ಅವನ ಪ್ರಶ್ನೆಗೆ ಉತ್ತರವನ್ನು ಅವರು ಬೇರೆಯಾಗಿ ಹೇಳಲಿಲ್ಲ. ಏಳುವಾಗ ಇಷ್ಟೇ ಕೇಳಿದರು:

“ನೀನು ಹೇಳಿ ಬಂದ ಮನೆಯಲ್ಲಿ ಎಲ್ಲರೂ ಇನ್ನೂ ಇದ್ದಾರೆಯೇ?”