ಸಾಹೇಬರ ಕಲ್ಲು ಹತ್ತಿದ ದಾರಿ

ಪಾರ್ಕಿನ ಬಾಗಿಲಿಗೆ ಐದು ಮೆಟ್ಟಿಲು. ಮಾಲಿ ತಿಪ್ಪಮ್ಮನ ತಂಗಿ ಚೌಡಿಗೆ ಕಾಲು ಬಾರದು, ಮೂರು ಗಾಲಿಯ ಗಾಡಿಯಲ್ಲೇ ಓಡಾಟ. ಅಕ್ಕ ಬೆಳೆಸಿದ ಹೂವನ್ನು ಅವಳು ಬೇಲಿಯಾಚೆಯಿಂದಲೇ ನೋಡಬೇಕಿತ್ತು. ಒಂದು ಇಳಿಜಾರು ಕಟ್ಟಿಸಿ ಎಂದು ತಿಪ್ಪಮ್ಮ ವರ್ಷವಿಡೀ ಕೇಳಿದಳು. ಪಾರ್ಕಿನ ಉಸ್ತುವಾರಿ ಹೊತ್ತ ಸಾಹೇಬರದು ಒಂದೇ ಮಾತು: "ಬಾಗಿಲಿನ ಅಂದ ಕೆಡುತ್ತೆ."

ಒಂದು ದಿನ ಲಾರಿಯಲ್ಲಿ ಆಳೆತ್ತರದ ಗ್ರಾನೈಟು ಬಂತು. ಮೇಲೆ 'ಸರ್ವರಿಗೂ ಸ್ವಾಗತ', ಕೆಳಗೆ ಅದಕ್ಕಿಂತ ದಪ್ಪಕ್ಷರದಲ್ಲಿ ಸಾಹೇಬರ ಹೆಸರು.

"ಶುಕ್ರವಾರದೊಳಗೆ ಇದು ಒಳಗೆ ನಿಂತಿರಬೇಕು. ಎಲ್ಲಾದರೂ ಮುಕ್ಕಾಯ್ತೋ, ನಿನ್ನ ಕೆಲಸ ಹೋಯ್ತು."

"ಹೊತ್ತರೆ ಕೈ ಜಾರುತ್ತೆ ಸಾರ್. ಗಾಲಿ ಮೇಲೆ ತಳ್ಳಬೇಕು. ಇಳಿಜಾರು ಬೇಕು."

"ಕಟ್ಟಿಸು. ಯಾರು ಬೇಡ ಅಂದ್ರು?"

ತಂಗಿಗೆ ವರ್ಷವಾದರೂ ಸಿಗದ ದಾರಿ ಕಲ್ಲಿಗೆ ಒಂದೇ ಮಾತಿಗೆ ಸಿಕ್ಕಿತು. ತಿಪ್ಪಮ್ಮ ಮರುದಿನವೇ ಗಾರೆಯವನನ್ನು ಕರೆಸಿದಳು. ಅವನ ಪಕ್ಕದಲ್ಲೇ ನಿಂತು, ಕಲ್ಲಿಗೆ ಬೇಕಾದ್ದಕ್ಕಿಂತ ಅಗಲವಾಗಿ, ಕಡಿದಾಗದಂತೆ, ನೂರು ವರ್ಷ ಬಾಳುವಂತೆ ಕಟ್ಟಿಸಿದಳು.

ಶುಕ್ರವಾರ ಸಾಹೇಬರು ಬಂದರು. ಕಲ್ಲು ನಿಂತಿತ್ತು. ಪಕ್ಕದಲ್ಲೇ ಚೌಡಿ ಗಾಡಿಯಲ್ಲಿ ಕೂತು ಚೆಂಡುಹೂ ಮುಟ್ಟಿ ನೋಡುತ್ತಿದ್ದಳು.

"ಕಲ್ಲು ಬಂದಾಯ್ತಲ್ಲ, ಆ ಇಳಿಜಾರು ಒಡೆಸು."

"ಒಡೆಸ್ತೀನಿ ಸಾರ್. ಆದ್ರೆ ಇವತ್ತಲ್ಲ ನಾಳೆ ನಿಮಗೆ ವರ್ಗ ಆಗುತ್ತೆ. ಹೊಸ ಸಾಹೇಬರು ತಮ್ಮ ಕಲ್ಲು ತರ್ತಾರೆ, ನಿಮ್ಮದನ್ನ ಕೀಳಿಸ್ತಾರೆ. ಆಗ ನಿಮ್ಮ ಹೆಸರನ್ನ ಐದು ಮೆಟ್ಟಿಲ ಮೇಲೆ ದಡದಡ ಉರುಳಿಸಬೇಕಾಗುತ್ತೆ. ನೋಡಿ, ನಿಮ್ಮಿಷ್ಟ."

ಸಾಹೇಬರ ಮುಖ ಕಪ್ಪಿಟ್ಟಿತು. ಕಲ್ಲನ್ನೊಮ್ಮೆ ನೋಡಿದರು, ಮೆಟ್ಟಿಲನ್ನೊಮ್ಮೆ ನೋಡಿದರು. ಆಮೇಲೆ ಇಳಿಜಾರಿನಲ್ಲೇ ಇಳಿದುಹೋಗಿ ಕಾರು ಹತ್ತಿದರು.