ಅದುಮುರೊಟ್ಟಿಗೊಂದು ಸಾಲು

"ನಮ್ಮ ಪೇಟೆಯಲ್ಲಿ ಯಾರೂ ಯಾರನ್ನೂ ದಾರಿ ಕೇಳಬೇಕಾಗಿಲ್ಲ!" ಎಂದು ಹೊನ್ನಗಟ್ಟಿಯ ದೊರೆ ಕಸ್ತೂರಿನಾಯಕ ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದ. "ಅಗಸೆ ಬಾಗಿಲಲ್ಲಿ ಹಲಗೆ ಇದೆ. ಯಾವ ಸಾಮಾನು ಯಾವ ಬೀದಿಯಲ್ಲಿ ಸಿಗುತ್ತದೆಂದು ಅದೇ ಹೇಳುತ್ತದೆ."

ಹಲಗೆ ಬರೆಸಿದವನು ಪಾರುಪತ್ಯಗಾರ ವೆಂಕಾಜಿ. ಒಂದೊಂದು ಬಗೆಗೆ ಒಂದೊಂದು ಸಾಲು, ಒಟ್ಟು ನೂರ ಹನ್ನೆರಡು. ಚಕ್ಕುಲಿಗೆ ಒಂದು, ದಪ್ಪ ಚಕ್ಕುಲಿಗೆ ಒಂದು, ಮುರಿದ ಚಕ್ಕುಲಿಗೂ ಒಂದು. ಮೂರೂ ಅವನ ಭಾವಮೈದುನನ ಅಂಗಡಿಯ ದಾರಿಯನ್ನೇ ತೋರಿಸುತ್ತಿದ್ದವು. ಇಂಥವರಿಗೆ ಭಾವಮೈದುನರಿಗೇನು ಕೊರತೆ!

ಹಲಗೆಯಲ್ಲಿ ಸಾಲಿಲ್ಲದ ಅಂಗಡಿ ಅಮಾವಾಸ್ಯೆಯೊಳಗೆ ಪೇಟೆ ಬಿಡಬೇಕು ಎಂದು ವೆಂಕಾಜಿ ಡಂಗುರ ಹೊಡೆಸಿದ. ಇನ್ನು ಎರಡು ದಿನ ಇದೆ ಎನ್ನುವಾಗ ಗುರುಸಿದ್ದವ್ವ ಎಂಬ ಮುದುಕಿ ಆಸ್ಥಾನಕ್ಕೆ ಬಂದಳು. ಅವಳದು ಅದುಮುರೊಟ್ಟಿಯ ಅಂಗಡಿ. ಎರಡು ಬಿಸಿ ಜೋಳದ ರೊಟ್ಟಿಯ ನಡುವೆ ಬದನೆಕಾಯಿ ಪಲ್ಯ, ಮೇಲಿಷ್ಟು ಎಳ್ಳಿನ ಹಿಂಡಿ ಎಂಬ ಖಾರದ ಪುಡಿ. ಹೆಂಚಿನ ಮೇಲಿಟ್ಟು ಗುಂಡುಕಲ್ಲಿನಿಂದ ಅದುಮಿದರೆ ಎಣ್ಣೆ ರೊಟ್ಟಿಗಿಳಿದು ಅಂಚು ಗರಿಗರಿಯಾಗುತ್ತಿತ್ತು. ಹೊನ್ನಗಟ್ಟಿ ಬಿಟ್ಟರೆ ಬೇರೆಲ್ಲೂ ಅದು ಸಿಗುತ್ತಿರಲಿಲ್ಲ.

"ಯಪ್ಪಾ, ನನಗೊಂದು ಸಾಲು ಬರಸಿ ಕೊಡ್ರಿ. ನಲವತ್ತು ವರ್ಷ ಆತು ಆ ಕಟ್ಟೀ ಮ್ಯಾಲೆ ಕುಂತು. ಈ ವಯಸ್ಸಿನಾಗ ಎಲ್ಲಿಗೆ ಹೋಗ್ಲಿ?" ಎಂದಳು.

ವೆಂಕಾಜಿ ಮೂಗು ಮುರಿದ. "ಏನಮ್ಮ, ರೊಟ್ಟಿಗೆ ಸಾಲಿದೆ, ಮೂಡಲ ಬೀದಿ. ಪಲ್ಯಕ್ಕೆ ಸಾಲಿದೆ, ಪಡುವಲ ಬೀದಿ. ಹಿಂಡಿಗೂ ಇದೆ, ಕೆರೆ ಏರಿ. ಇದ್ದದ್ದನ್ನೇ ಒಂದರ ಮೇಲೊಂದು ಪೇರಿಸಿದರೆ ಹೊಸ ಬಗೆ ಆಗುತ್ತದೆಯೇ?"

"ಮತ್ತ ರೊಟ್ಟಿ ಸಾಲಿನಾಗರ ನನ್ನ ಹೆಸರು ಸೇರಸ್ರಿ."

"ಅದರೊಳಗೆ ಪಲ್ಯ ಇದೆಯಲ್ಲ, ಅದು ಹೇಗೆ ರೊಟ್ಟಿಯಾಗುತ್ತದೆ?"

ದೊರೆ ತನ್ನ ಮಾತುಗಾರ ಹಂಪಣ್ಣನ ಕಡೆ ತಿರುಗಿದ. ಆಸ್ಥಾನದಲ್ಲಿ ಎಂಥ ಗಂಟು ಬಿದ್ದರೂ ಬಿಡಿಸುವವನು ಅವನೇ. "ನೀನೇನಯ್ಯ ಹೇಳುತ್ತಿ?"

"ಪಾರುಪತ್ಯಗಾರರ ಮಾತು ನೂರಕ್ಕೆ ನೂರು ಸರಿ, ಪ್ರಭು," ಎಂದ ಹಂಪಣ್ಣ. ಮುದುಕಿ ಅವನನ್ನು ಸುಡುವ ಹಾಗೆ ನೋಡಿದಳು. ಅವನು ವೆಂಕಾಜಿಗೆ ಕೈಮುಗಿದು ಕೇಳಿದ, "ಈ ನಿಯಮ ಎಲ್ಲರಿಗೂ ಒಂದೇ ತಾನೇ?"

"ಎಲ್ಲರಿಗೂ!" ಎಂದು ವೆಂಕಾಜಿ ಎದೆ ಉಬ್ಬಿಸಿದ.

"ಹಾಗಾದರೆ ನಾಳೆ ಮಧ್ಯಾಹ್ನ ಪ್ರಭುಗಳಿಗೂ ನಿಮಗೂ ನನ್ನದೇ ಊಟ. ಹಲಗೆ ತೋರಿಸಿದ ದಾರಿಯಲ್ಲೇ ಹೋಗಿ ಅದುಮುರೊಟ್ಟಿ ತಿನ್ನೋಣ."

ಮರುದಿನ ಸುಡುಬಿಸಿಲು. ಹಂಪಣ್ಣ ಇಬ್ಬರನ್ನೂ ಮೊದಲು ಮೂಡಲ ಬೀದಿಗೆ ಕರೆದುಕೊಂಡು ಹೋಗಿ ತಲಾ ಎರಡೆರಡು ರೊಟ್ಟಿ ಕೈಗಿಟ್ಟ.

"ಪಲ್ಯ ಎಲ್ಲಯ್ಯ?" ಎಂದ ದೊರೆ.

"ಪಡುವಲ ಬೀದಿಯಲ್ಲಿ, ಪ್ರಭು. ಹಲಗೆಯಲ್ಲಿ ಬರೆದಿದೆ."

ದೊರೆ ಊರಿನ ಆ ತುದಿಗೆ ನಡೆದ. ಹಿಂದೆ ವೆಂಕಾಜಿ, ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಹಿಡಿದು, ಬೆವರು ಒರೆಸಲು ಕೈಯಿಲ್ಲದೆ. ಅಲ್ಲಿ ಪಲ್ಯ ಬಿತ್ತು. ಹಿಂಡಿಗೆಂದು ಕೆರೆ ಏರಿ ಹತ್ತುವ ಹೊತ್ತಿಗೆ ರೊಟ್ಟಿ ಒಣಗಿ ಸೆಟೆದುಕೊಂಡಿತ್ತು. ಹಿಂಡಿ ಉದುರಿಸಿಕೊಂಡು ವೆಂಕಾಜಿ ಬಾಯಿಗಿಟ್ಟನೋ ಇಲ್ಲವೋ, ರೊಟ್ಟಿ ಟಪ್ಪೆಂದು ಮುರಿದು ಪಲ್ಯವೆಲ್ಲ ಅವನ ಜರಿಯ ಶಲ್ಯದ ಮೇಲೆ ಇಳಿಯಿತು. ನನಗಂತೂ ಆ ಬದನೆಕಾಯಿಯ ಮೇಲೆ ಬಹಳ ಗೌರವ.

"ಇದು ಅದುಮುರೊಟ್ಟಿಯೇ ಅಲ್ಲ!" ಎಂದು ಹಸಿದ ದೊರೆ ಗುಡುಗಿದ.

"ರೊಟ್ಟಿ ಇದೆ, ಪಲ್ಯ ಇದೆ, ಹಿಂಡಿ ಇದೆ. ಇನ್ನೇನು ಬೇಕು, ಪ್ರಭು?" ಎಂದ ಹಂಪಣ್ಣ.

ಮಾತಾಡುವ ತಾಳ್ಮೆ ದೊರೆಗಿರಲಿಲ್ಲ. ನೇರವಾಗಿ ಗುರುಸಿದ್ದವ್ವನ ಕಟ್ಟೆಗೆ ನಡೆದ. ಅವಳು ಗುಂಡುಕಲ್ಲನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ದೊರೆಯ ಮುಖ ನೋಡಿ ಮತ್ತೆ ಹೊರಗೆ ತೆಗೆದಳು, ಹೆಂಚು ಕಾಯಿಸಿದಳು. ದೊರೆ ಒಂದು ತಿಂದ, ಎರಡು ತಿಂದ, ಮೂರನೆಯದಕ್ಕೆ ಕೈ ಚಾಚಿ, "ವೆಂಕಾಜಿ, ಇದಕ್ಕೊಂದು ಸಾಲು ಬರೆ," ಎಂದ.

"ನಿಯಮ, ಪ್ರಭು!" ವೆಂಕಾಜಿ ಶಲ್ಯ ಒರೆಸುತ್ತಲೇ ಹಟ ಹಿಡಿದ. "ಮೇಲಿನದಕ್ಕೆ ಸಾಲಿದೆ, ಕೆಳಗಿನದಕ್ಕೆ ಸಾಲಿದೆ. ನಡುವೆ ಏನೋ ಇದೆ ಎಂದು ಬೇರೆ ಸಾಲು ಕೊಡಲಾಗದು. ಇವತ್ತು ಇವಳಿಗೆ ಕೊಟ್ಟರೆ ನಾಳೆ ಊರೆಲ್ಲ ಬರುತ್ತದೆ."

"ಬಿಡಿ ಪ್ರಭು, ಅವರು ಹೇಳುವುದು ಸರಿ," ಎಂದ ಹಂಪಣ್ಣ. "ಅದೇ ನಿಯಮದಂತೆ ನಾನೂ ಬೆಳಿಗ್ಗೆ ಅರಮನೆಯ ಪಟ್ಟಿ ನೋಡಿದೆ. ಮೇಲೆ ದೊರೆ ಅಂತ ಒಂದು ಸಾಲು, ಸರಿ. ಕೆಳಗೆ ಪ್ರಜೆ ಅಂತ ಒಂದು ಸಾಲು, ಅದೂ ಸರಿ. ನಡುವೆ ಪಾರುಪತ್ಯಗಾರ ಅಂತ ಇನ್ನೊಂದು ಸಾಲು! ಅದಕ್ಕೊಂದು ಪಲ್ಲಕ್ಕಿ, ಒಂದು ಛತ್ರಿ, ನಾಲ್ಕು ಆಳು. ಮೇಲಿನದೂ ಕೆಳಗಿನದೂ ಮೊದಲೇ ಇರುವಾಗ ನಡುವಿನದಕ್ಕೆ ಬೇರೆ ಸಾಲು ಯಾಕೆ? ಅಮಾವಾಸ್ಯೆ ನಾಳೆಯೇ."

ದೊರೆ ತುತ್ತು ಬಾಯಲ್ಲೇ ಇಟ್ಟುಕೊಂಡು ವೆಂಕಾಜಿಯನ್ನು ನೋಡಿದ. "ಹೌದಲ್ಲ!"

ವೆಂಕಾಜಿ ಶಲ್ಯ ಒರೆಸುವುದನ್ನು ಬಿಟ್ಟು ಕೈಮುಗಿದ. "ಪ್ರಭು, ಪ್ರಭು! ಮೇಲೆ ಕೆಳಗೆ ಏನೇ ಇರಲಿ, ನಡುವೆ ಇರುವುದರಿಂದಲೇ ಅಲ್ಲವೇ ಅದಕ್ಕೆ ಬೆಲೆ!"

ಹಂಪಣ್ಣ ಅವನ ಕೈಗೆ ಸುಣ್ಣದ ಕುಂಚ ಕೊಟ್ಟ. "ನಿಮ್ಮ ಬಾಯಿಂದಲೇ ಬಂತು. ಬನ್ನಿ, ಬರೆದುಬಿಡಿ."

ದೊರೆ ನಕ್ಕ ರಭಸಕ್ಕೆ ನೆತ್ತಿಗೇರಿತು. ಕೆಮ್ಮುತ್ತಲೇ ಕೈಯ ಕಡಗ ಬಿಚ್ಚಿ ಹಂಪಣ್ಣನತ್ತ ಎಸೆದ. ಎಲ್ಲರೂ ಅಗಸೆ ಬಾಗಿಲಿಗೆ ಬಂದರು. ಹಲಗೆಯಲ್ಲಿ ತುದಿಯಿಂದ ತುದಿಯವರೆಗೆ ಜಾಗವೇ ಇರಲಿಲ್ಲ.

"ಎಲ್ಲಿ ಬರೆಯಲಿ?" ಎಂದ ವೆಂಕಾಜಿ, ಸೋತ ದನಿಯಲ್ಲಿ.

ಓದು ಬಾರದ ಗುರುಸಿದ್ದವ್ವ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದಳು. "ಅದರಾಗ ಮುರದ ಚಕ್ಕುಲಿ ಅಂತ ಎಲ್ಲಿ ಬರದೀರಿ, ಅದನ್ನ ಒರಸಿ ಬರೀರಿ ಧಣಿ. ಮುರದ ಚಕ್ಕುಲಿಗೆ ದಾರಿ ಯಾಕ ಬೇಕು? ನಿಮ್ಮ ಭಾವಮೈದುನ ಎಲ್ಲಿ ಕುಂತಾನ ಅಂತ ಇಡೀ ಊರಿಗೇ ಗೊತ್ತೈತಿ!"